ಬಾಯಿಮಾತಿನ ಆಡಳಿತ

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಯಾವ ಸರಕಾರಿ ಕಚೇರಿಯ ಜಗಲಿಯಲ್ಲಿಯಾದರೂ ಅರ್ಧ ದಿನ ಕುಳಿತು ನೋಡಿರಿ. ಎಲ್ಲಕ್ಕಿಂತ ಹೆಚ್ಚಾಗಿ ಕಿವಿಗೆ ಬೀಳುವ ಮಾತುಗಳು ಎರಡೇ: "ಅದು ಆಗುವುದಿಲ್ಲ", "ನಾಳೆ ಬನ್ನಿ". ಮೊದಲನೆಯದು ತೀರ್ಪು, ಎರಡನೆಯದು ಶಿಕ್ಷೆ. ತೀರ್ಪಿಗೆ ಕಾಗದವಿಲ್ಲ, ಶಿಕ್ಷೆಗೆ ಅವಧಿಯಿಲ್ಲ. ಕೇಳಿದವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರಸಿಕೊಂಡು ಬಸ್ಸು ಹತ್ತುತ್ತಾನೆ. ಹೀಗೆ ಬಾಯಿಮಾತಿನಲ್ಲಿ ನಡೆಯುವ ಆಡಳಿತವನ್ನು ಯಾವ ಕಾಯಿದೆಯೂ ಹುಟ್ಟಿಸಿಲ್ಲ. ಹುಟ್ಟಿಸಿದವರು ಕಚೇರಿಯವರು, ಸಾಕಿ ಬೆಳೆಸಿದವರು ನಾವು.

ಅಧಿಕಾರಿಯ ಮನಸ್ಸಿನಲ್ಲಿರುವುದು ಆಜ್ಞೆಯಲ್ಲ. ಕಡತದ ಹಾಳೆಯ ಮೇಲೆ ಅವನು ಬರೆದುಕೊಂಡ ಟಿಪ್ಪಣಿಯೂ ಆಜ್ಞೆಯಲ್ಲ. ಅದು ವಿಧ್ಯುಕ್ತವಾಗಿ ಬರೆಯಲ್ಪಟ್ಟು, ಸಂಬಂಧಪಟ್ಟವನಿಗೆ ತಿಳಿಸಲ್ಪಟ್ಟ ಮೇಲೆಯೇ ಆಜ್ಞೆಯಾಗುವುದು. ಬಚ್ಚಿತ್ತರ್ ಸಿಂಗ್ ಎಂಬವರು ಪಂಜಾಬ್ ರಾಜ್ಯದ ಮೇಲೆ ನಡೆಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1962ರಲ್ಲಿಯೇ ಈ ಮಾತನ್ನು ಸ್ಪಷ್ಟಪಡಿಸಿದೆ. ಅಲ್ಲಿ ಟಿಪ್ಪಣಿ ಬರೆದವರು ಸಾಮಾನ್ಯರಲ್ಲ, ಮಂತ್ರಿಗಳು. ಮಂತ್ರಿಯ ಟಿಪ್ಪಣಿಗೇ ಇಲ್ಲದ ಬಲವು ಕಚೇರಿಯ ಗುಮಾಸ್ತರ ನಾಲಗೆಗೆ ಎಲ್ಲಿಂದ ಬಂದಿತು? ಮುಂದೆ 1977ರಲ್ಲಿ ಮೊಹಿಂದರ್ ಸಿಂಗ್ ಗಿಲ್ ಅವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಆಜ್ಞೆಯ ಯುಕ್ತಾಯುಕ್ತತೆಯನ್ನು ಆ ಆಜ್ಞೆಯಲ್ಲಿಯೇ ಬರೆದ ಕಾರಣಗಳಿಂದ ಅಳೆಯಬೇಕೇ ಹೊರತು, ಮೊಕದ್ದಮೆ ಬಂದ ಮೇಲೆ ಹೊಸ ಕಾರಣಗಳನ್ನು ತಂದು ತೇಪೆ ಹಚ್ಚಕೂಡದು ಎಂದಿತು. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೂ ತನ್ನ 4ನೆಯ ಕಲಮಿನಲ್ಲಿ, ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ನಿರ್ಧಾರಗಳ ಕಾರಣಗಳನ್ನು ಬಾಧಿತರಿಗೆ ತಿಳಿಸತಕ್ಕದ್ದು ಎಂದು ನೇರವಾಗಿ ವಿಧಿಸಿದೆ. ಇಷ್ಟು ಇದ್ದೂ ನಮ್ಮಲ್ಲಿ "ಮೇಲಿನಿಂದ ಆಗುವುದಿಲ್ಲ ಎಂದಿದ್ದಾರೆ" ಎಂಬುದೇ ಕಾರಣ. ಆ "ಮೇಲು" ಎಂಬುದು ಯಾವ ಮಹಡಿಯೋ ಯಾರಿಗೂ ತಿಳಿಯದು.

ನಮ್ಮ ಕಚೇರಿಗಳಲ್ಲಿ ಬರಹದ ಉತ್ತರಕ್ಕೆ ಒಂದು ಒಳ್ಳೆಯ ಹಳೆಯ ಹೆಸರುಂಟು: ಹಿಂಬರಹ. ಅರ್ಜಿಯನ್ನು ಒಪ್ಪದಿದ್ದರೆ, ಏಕೆ ಒಪ್ಪಲಿಲ್ಲವೆಂದು ಬರೆದು ಸಹಿ ಹಾಕಿ ಕೊಡುವ ಕಾಗದ. ಈ ಚೂರು ಕಾಗದವನ್ನು ಕೊಡಲು ಕಚೇರಿಗಳು ಏಕೆ ಇಷ್ಟು ಹಿಂಜರಿಯುತ್ತವೆ? ಯಾಕೆಂದರೆ ಹಿಂಬರಹವು ಕೈಗೆ ಬಂದ ದಿನವೇ ಅರ್ಜಿದಾರನಿಗೆ ಮೇಲಕ್ಕೆ ಹತ್ತುವ ಏಣಿ ಸಿಕ್ಕಿತು. ಬರಹದ ಆಜ್ಞೆಗೆ ಮೇಲ್ಮನವಿಯುಂಟು, ಬಾಯಿಮಾತಿಗೆ ಇಲ್ಲ. ಹಕ್ಕುದಾಖಲೆಯ ಬದಲಾವಣೆಯ ಆಜ್ಞೆ ತಪ್ಪೆಂದು ತೋರಿದರೆ, 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 136ನೆಯ ಕಲಮಿನಂತೆ ಅದನ್ನು ತಿಳಿಸಿದ ದಿನದಿಂದ 60 ದಿನಗಳೊಳಗೆ ಸಹಾಯಕ ಕಮಿಷನರಲ್ಲಿ ಮೇಲ್ಮನವಿ ಹಾಕಬಹುದು. ತಿಳಿಸದೆಯೇ ಇದ್ದರೆ? ಅರ್ಜಿದಾರನು ಆರು ವರ್ಷ ಅಲೆದರೂ ಆ 60 ದಿನಗಳ ಮೊದಲನೆಯ ದಿನ ಬರುವುದೇ ಇಲ್ಲ. ಇದು ಆಲಸ್ಯದಂತೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಒಂದು ಯುಕ್ತಿ.

ನಮ್ಮ ಸೀಮೆಯವರಿಗೆ ಈ ವಿಷಯದಲ್ಲಿ ಬೇರೆಯವರು ಪಾಠ ಹೇಳಬೇಕಾಗಿಲ್ಲ. 1834ರಲ್ಲಿ ಕುಂಪಣಿ ಸರಕಾರವು ಕೊಡಗನ್ನು ನುಂಗಿ, ಕೊಡಗಿನ ಅರಸರ ಅಧೀನದಲ್ಲಿದ್ದ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯತನಕ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿಯೇ ಕೊಡಬೇಕೆಂದಾಯಿತು. ರೈತನನ್ನು ಕೇಳಿದವರಿಲ್ಲ, ರೈತನು ಕೇಳಿಕೊಳ್ಳಲು ಜಾಗವೂ ಇಲ್ಲ. 1837ರಲ್ಲಿ ಇದೇ ಸುಳ್ಯದ ಒಕ್ಕಲುಗಳು ಎದ್ದು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಮಂಗಳೂರಿನ ವರೆಗೆ ನಡೆದುಹೋದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಕೆದಂಬಾಡಿ ರಾಮಯ್ಯ ಗೌಡರ ಹೆಸರು ಹೇಳಿ ನಾವು ಭಾಷಣ ಮಾಡುತ್ತೇವೆ. ಅದೇ ಒಕ್ಕಲುಗಳ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ಒಂದು ಹಿಂಬರಹವನ್ನು ಕೇಳಲು ಅಂಜುತ್ತಾರೆ! "ಕೇಳಿದರೆ ಸಾಹೇಬರಿಗೆ ಸಿಟ್ಟು ಬಂದೀತು, ಆಗುವ ಕೆಲಸವೂ ಕೆಟ್ಟೀತು" ಎನ್ನುತ್ತಾರೆ.

ಆಗುವ ಕೆಲಸ ಯಾವುದು? ಹೆಚ್ಚಿನದು ಭೂಮಿಯದೇ. ನನ್ನ ಬಳಿಗೆ ಬರುವ ಹತ್ತು ಮಂದಿಯಲ್ಲಿ ಏಳೆಂಟು ಮಂದಿಯ ಮೊದಲ ಪ್ರಶ್ನೆ, "ವಕೀಲರೇ, ಕುಮ್ಕಿ ನಮ್ಮದೋ ಸರಕಾರದ್ದೋ?" ಎಂಬುದು. ಘಟ್ಟದ ಮೇಲಿನ ವಾಚಕರಿಗೆ ಈ ಶಬ್ದವೇ ಹೊಸದಾಗಿರಬಹುದು. ಮದರಾಸು ಸರಕಾರದ ಕಾಲದಲ್ಲಿ, ರೆವೆನ್ಯೂ ಬೋರ್ಡಿನ ಸ್ಥಾಯೀ ಆಜ್ಞೆಗಳ ಪ್ರಕಾರ, ಫಸಲಿ 1276ಕ್ಕೆ ಮೊದಲಿನ ಕದೀಮ್ ವರ್ಗದ ಭೂಮಿಯುಳ್ಳವನಿಗೆ, ಆ ಭೂಮಿಯ ಅಂಚಿನಿಂದ 100 ಗಜದ ಒಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಹುಲ್ಲು, ಸೌದೆ ತೆಗೆಯುವ, ದನ ಮೇಯಿಸುವ ಸವಲತ್ತು ಇತ್ತು. ಅದೇ ಕುಮ್ಕಿ. ಬೋರ್ಡು ಚೇಪಾಕದಲ್ಲಿ ಕುಳಿತು ಬರೆದ ಆ ವಾಕ್ಯಗಳು, 1956ರ ನವೆಂಬರ್ 1ರಂದು ನಾವು ಕನ್ನಡದ ಒಂದೇ ರಾಜ್ಯಕ್ಕೆ ಬಂದ ಮೇಲೆಯೂ ಸಾಯಲಿಲ್ಲ. 1964ರ ಕಾಯಿದೆಯ 79ನೆಯ ಕಲಮಿನ 2ನೆಯ ಉಪಕಲಮಿನಲ್ಲಿ, ಉತ್ತರ ಕನ್ನಡದ ಬೆಟ್ಟ, ಹಾಡಿ, ಕೊಡಗಿನ ಜಮ್ಮಾ, ಬಾಣೆ ಇವುಗಳ ಸಾಲಿನಲ್ಲಿ ನಮ್ಮ ಕುಮ್ಕಿಯ ಹೆಸರೂ ಬರೆದಿದೆ. ಗಡಿಯ ಆಚೆ ಉಳಿದುಹೋದ ಕಾಸರಗೋಡಿನ ಕನ್ನಡ ರೈತನಿಗೂ ಇದೇ ಕುಮ್ಕಿ, ಇದೇ ತಲೆನೋವು.

ಆದುದರಿಂದ ಪ್ರಶ್ನೆಗೆ ಉತ್ತರ ಹೀಗೆ: ಕುಮ್ಕಿಯ ನೆಲ ಸರಕಾರದ್ದು, ಸವಲತ್ತು ವರ್ಗದಾರನದು. ಇದು ಅನೇಕರಿಗೆ ಕಹಿಯಾದ ಮಾತು. ಅಜ್ಜನ ಕಾಲದಿಂದ ಅಡಕೆ ಹಾಕಿ ನೀರೆರೆದವನಿಗೆ "ನಿನ್ನದಲ್ಲ" ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೂ ಸುಳ್ಳು ಸಮಾಧಾನ ಹೇಳುವ ವಕೀಲನಿಗಿಂತ ಕಹಿ ಹೇಳುವವನು ಮೇಲು. ಒಡೆತನವಿಲ್ಲವೆಂದ ಮಾತ್ರಕ್ಕೆ ಹಕ್ಕೇ ಇಲ್ಲವೆಂದಲ್ಲ. ಆ ಜಾಗವನ್ನು ಇನ್ನೊಬ್ಬನಿಗೆ ಮಂಜೂರು ಮಾಡಹೊರಟರೆ ವರ್ಗದಾರನು ತನ್ನ ಆಕ್ಷೇಪವನ್ನು ಬರೆದು ಕೊಡಬಹುದು, ಅದನ್ನು ಕೇಳಿಯೇ ನಿರ್ಣಯಿಸಬೇಕೆಂದು ಒತ್ತಾಯಿಸಬಹುದು. ಕುಮ್ಕಿಯನ್ನು ವರ್ಗದಾರರಿಗೇ ಕೊಡಬೇಕೆಂಬ ಬೇಡಿಕೆಯು ಈ ಜಿಲ್ಲೆಯಲ್ಲಿ ಎಷ್ಟು ಚುನಾವಣೆಗಳನ್ನು ದಾಟಿ ಬಂದಿದೆ! ಪ್ರತಿ ಸಲವೂ ವೇದಿಕೆಯ ಮೇಲೆ ಬಾಯಿಮಾತು; ಇಳಿದ ಮೇಲೆ ಮೌನ.

ಎರಡನೆಯ ಪ್ರಶ್ನೆ ಅಕ್ರಮ ಸಕ್ರಮದ್ದು. ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರಕಾರಿ ಭೂಮಿಯನ್ನು ಸಕ್ರಮಗೊಳಿಸಲು 1991ರಲ್ಲಿ 50ನೆಯ ನಮೂನೆ ಬಂದಿತು. ಆಮೇಲೆ 53ನೆಯದು. 2018ರಲ್ಲಿ, 2005ರ ಜನವರಿ 1ಕ್ಕೆ ಮೊದಲು ಸಾಗುವಳಿ ಮಾಡಿದವರಿಗಾಗಿ 57ನೆಯದು. ಒಂದೇ ಮನೆಯಲ್ಲಿ ಅಜ್ಜನು 50ರಲ್ಲಿ, ಮಗನು 53ರಲ್ಲಿ, ಮೊಮ್ಮಗನು 57ರಲ್ಲಿ ಅದೇ ತೋಟಕ್ಕೆ ಅರ್ಜಿ ಕೊಟ್ಟವರು ಇದ್ದಾರೆ. ನಮೂನೆಯ ಸಂಖ್ಯೆ ಬೆಳೆಯಿತು, ಅಡಕೆಮರ ಬೆಳೆಯಿತು, ಕಡತ ಮಾತ್ರ ಕುಳಿತಲ್ಲಿಂದ ಏಳಲಿಲ್ಲ. ಈ ಅರ್ಜಿಗಳನ್ನು ನೋಡುವ ಸಮಿತಿಗೆ ಶಾಸಕರು ಅಧ್ಯಕ್ಷರು, ತಹಸೀಲ್ದಾರರು ಸದಸ್ಯ ಕಾರ್ಯದರ್ಶಿ. ಈ ಏರ್ಪಾಡಿನ ಬಗ್ಗೆ ನನಗೆ ಮೊದಲಿನಿಂದಲೂ ವಿರೋಧವುಂಟು. ಕಾಯಿದೆಯಲ್ಲಿ ಹೇಳಿದ ಷರತ್ತುಗಳನ್ನು ಪೂರೈಸಿದವನಿಗೆ ಭೂಮಿ ಸಿಗುವುದು ಕಾಯಿದೆಯಿಂದ. ಆದರೆ ಶಾಸಕರ ಕೈಯಿಂದ ಹಕ್ಕುಪತ್ರ ಪಡೆದವನು ಅದನ್ನು ಶಾಸಕರ ದಾನವೆಂದು ತಿಳಿದು ಕೈಮುಗಿಯುತ್ತಾನೆ. ಸಿಗದವನು ತಾನು ಬೇರೆ ಪಕ್ಷದವನೆಂಬುದರಿಂದ ಸಿಗಲಿಲ್ಲವೆಂದು ತಿಳಿಯುತ್ತಾನೆ. ಇಬ್ಬರ ತಿಳುವಳಿಕೆಯೂ ಪ್ರಜಾಪ್ರಭುತ್ವಕ್ಕೆ ಶೋಭೆಯಲ್ಲ. ಅದಿರಲಿ. ಸಮಿತಿಯು ಅರ್ಜಿಯನ್ನು ತಿರಸ್ಕರಿಸಿದರೆ ತಿರಸ್ಕರಿಸಿದ ಆಜ್ಞೆಯ ಪ್ರತಿಯನ್ನು ಕೇಳಿ ಪಡೆಯಿರಿ. "ನಿಮ್ಮದು ವಜಾ ಆಗಿದೆ" ಎಂದು ಗ್ರಾಮಕರಣಿಕರು ದಾರಿಯಲ್ಲಿ ಹೇಳಿದರೆ ಅದು ಸುದ್ದಿ ಮಾತ್ರ, ಆಜ್ಞೆಯಲ್ಲ.

ಮಂಜೂರಾದ ಮೇಲಾದರೂ ಸುಖವುಂಟೇ? ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಮಂದಿಗೆ ತುಂಡು ತುಂಡಾಗಿ ಮಂಜೂರಾಗಿ, ಅಳತೆಯಾಗದೆ, ಪೋಡಿಯಾಗದೆ, ಎಲ್ಲರ ಹೆಸರೂ ಒಂದೇ ಪಹಣಿಯಲ್ಲಿ ರಾಶಿ ಬಿದ್ದಿರುವುದನ್ನು ಯಾವ ಗ್ರಾಮದಲ್ಲಿಯೂ ಕಾಣಬಹುದು. ಬ್ಯಾಂಕಿನವರು ಸಾಲ ಕೊಡಲೊಲ್ಲರು, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಲಾರರು. ಪೋಡಿಗೆ ಅರ್ಜಿ ಕೊಟ್ಟವರಿಗೆ ಸರ್ವೆಯರಿಲ್ಲ ಎಂಬ ಬಾಯಿಮಾತು.

ಸುಬ್ರಹ್ಮಣ್ಯ, ಪಂಜದ ಕಡೆಯವರ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಕಂದಾಯದವರು ತಮ್ಮದೆನ್ನುವ ಜಾಗವನ್ನು ಅರಣ್ಯದವರು ತಮ್ಮದೆನ್ನುತ್ತಾರೆ; ನಡುವೆ ಸಿಕ್ಕಿದವನು ರೈತ. ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. 1963ರ ಕರ್ನಾಟಕ ಅರಣ್ಯ ಕಾಯಿದೆಯ 4ನೆಯ ಕಲಮಿನ ಪ್ರಕಟಣೆಯು, ಈ ಜಾಗವನ್ನು ಕಾದಿಟ್ಟ ಅರಣ್ಯ ಮಾಡುವ ಉದ್ದೇಶವುಂಟೆಂದು ಹೇಳುವುದು. ಆಮೇಲೆ ಅರಣ್ಯ ವ್ಯವಸ್ಥಾಪನಾಧಿಕಾರಿಯು ಜನರ ಹಕ್ಕುಬಾಧ್ಯತೆಗಳನ್ನು ಕೇಳಿ ತೀರ್ಮಾನಿಸಬೇಕು. ಅದೆಲ್ಲ ಮುಗಿದ ಮೇಲೆ 17ನೆಯ ಕಲಮಿನ ಪ್ರಕಟಣೆಯಿಂದ ಅದು ಕಾದಿಟ್ಟ ಅರಣ್ಯವಾಗುತ್ತದೆ. 1882ರ ಮದರಾಸು ಅರಣ್ಯ ಕಾಯಿದೆಯಲ್ಲಿಯೂ ಕ್ರಮ ಇಂಥದೇ. ಆದುದರಿಂದ "ಇದು ಅರಣ್ಯ" ಎಂದವರೊಡನೆ ಯಾವ ಕಲಮು, ಯಾವ ದಿನಾಂಕದ ಪ್ರಕಟಣೆ, ಯಾವ ನಕಾಶೆ ಎಂದು ಕೇಳತಕ್ಕದ್ದು. ಉತ್ತರವು ಬರಹದಲ್ಲಿ ಬರಲಿ.

ತೆರವಿನ ಮಾತು ಬಂದಾಗ ಜನರು ಎರಡು ತುದಿಗಳಿಗೆ ಹೋಗುತ್ತಾರೆ. ಕೆಲವರು ಮೂವತ್ತು ವರ್ಷ ಕುಳಿತವನನ್ನು ಯಾರೂ ಎಬ್ಬಿಸಲಾರರೆಂದು ನಂಬಿದ್ದಾರೆ; ಕೆಲವರು ಇಲಾಖೆಯ ಜೀಪು ಕಂಡೊಡನೆ ತಾವೇ ಗಿಡ ಕೀಳುತ್ತಾರೆ. ಎರಡೂ ತಪ್ಪು. ಸರಕಾರಕ್ಕೆ ತೆರವು ಮಾಡಿಸುವ ಅಧಿಕಾರವುಂಟು. ಆದರೆ ನೋಟೀಸು ಕೊಡದೆ, ಹೇಳಿಕೆಯನ್ನು ಕೇಳದೆ ತೆರವು ಮಾಡಿಸುವ ಅಧಿಕಾರ ಯಾರಿಗೂ ಇಲ್ಲ. ಭೂಕಂದಾಯ ಕಾಯಿದೆಯ 39ನೆಯ ಕಲಮು ನೋಟೀಸು ಕೊಟ್ಟು ಯುಕ್ತವಾದ ಕಾಲಾವಕಾಶ ನೀಡಬೇಕೆನ್ನುತ್ತದೆ. ಅರಣ್ಯ ಕಾಯಿದೆಯ 64-ಎ ಕಲಮೂ ಕೇಳಿಸಿಕೊಳ್ಳುವ ಅವಕಾಶವನ್ನು ಇಟ್ಟಿದೆ. ಇನ್ನು 2006ರ ಅರಣ್ಯ ಹಕ್ಕುಗಳ ಕಾಯಿದೆಯಡಿ ಅರ್ಜಿ ಕೊಟ್ಟವರನ್ನು, ಆ ಅರ್ಜಿಯ ಪರಿಶೀಲನೆ ಮುಗಿಯುವ ತನಕ ಒಕ್ಕಲೆಬ್ಬಿಸಕೂಡದೆಂದು ಆ ಕಾಯಿದೆಯ 4ನೆಯ ಕಲಮಿನ 5ನೆಯ ಉಪಕಲಮು ತಡೆದಿದೆ. ಮಲೆಕುಡಿಯರಂಥ ಪರಿಶಿಷ್ಟ ಪಂಗಡದವರಿಗೆ ಇದು ದೊಡ್ಡ ಆಸರೆ. ಬೇರೆಯವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. 1930ರ ಸುಮಾರಿನ ಕಾಗದವನ್ನು ಕಾಡಂಚಿನ ಗುಡಿಸಲಿನಿಂದ ಕೇಳುವ ಕಾಯಿದೆಯಿದು. ಆದರೂ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವಾಗಿ ಒಪ್ಪುವುದರಿಂದ ಅರ್ಜಿಯನ್ನು ಬಿಡಬಾರದು.

"ಹಾಗಾದರೆ ನೇರವಾಗಿ ಕೋರ್ಟಿಗೆ ಹೋದರೇನು?" ಎಂದು ಕೇಳುವವರಿದ್ದಾರೆ. ಭೂಕಂದಾಯ ಕಾಯಿದೆಯ 63ನೆಯ ಕಲಮು, ಇರುವ ಮೇಲ್ಮನವಿಗಳನ್ನೆಲ್ಲ ಮುಗಿಸಿಯೇ ಸರಕಾರದ ಮೇಲೆ ದಾವೆ ಹೂಡಬೇಕೆನ್ನುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನಂತೆ ಎರಡು ತಿಂಗಳ ನೋಟೀಸನ್ನೂ ಕೊಡಬೇಕು. ಅವಸರವಿದ್ದಲ್ಲಿ ಮಾತ್ರ ನ್ಯಾಯಾಲಯದ ಅನುಮತಿಯಿಂದ ವಿನಾಯಿತಿ. ಉಚ್ಚ ನ್ಯಾಯಾಲಯದಲ್ಲಿ ಸಂವಿಧಾನದ 226ನೆಯ ವಿಧಿಯಡಿ ರಿಟ್ ಅರ್ಜಿ ಹಾಕಬಹುದು ನಿಜ. ಆದರೆ ಕಚೇರಿಯಲ್ಲಿ ಕೊಳೆಯುತ್ತಿರುವ ಅರ್ಜಿಯ ಬಗ್ಗೆ ಅಲ್ಲಿ ಸಾಮಾನ್ಯವಾಗಿ ಸಿಗುವುದು "ಇಷ್ಟು ದಿನಗಳೊಳಗೆ ಪರಿಗಣಿಸಿರಿ" ಎಂಬ ಅಪ್ಪಣೆ, ಭೂಮಿಯಲ್ಲ. ಒಂದು ಹಿಂಬರಹಕ್ಕಾಗಿ ಸುಳ್ಯದವನು ಸಂಪಾಜೆಯ ಘಟ್ಟ ಹತ್ತಿ, ಕಡಬದವನು ಶಿರಾಡಿಯ ಘಟ್ಟ ಹತ್ತಿ ಬೆಂಗಳೂರಿಗೆ ಹೋಗಬೇಕಾಯಿತಲ್ಲವೇ!

ಈ ದೂರದ ಮಾತನ್ನು ನಮ್ಮ ನಾಯಕರು ಯಾರೂ ಎತ್ತುವುದಿಲ್ಲ. ತಹಸೀಲ್ದಾರರ ಮೇಲೆ ಮನವಿ ಪುತ್ತೂರಿನ ಸಹಾಯಕ ಕಮಿಷನರಿಗೆ, ಅಲ್ಲಿಂದ ಮಂಗಳೂರಿನ ಜಿಲ್ಲಾಧಿಕಾರಿಗೆ, ಅಲ್ಲಿಂದ ಬೆಂಗಳೂರಿನ ಮೇಲ್ಮನವಿ ನ್ಯಾಯಾಧಿಕರಣಕ್ಕೆ. ಹಿಂದೆ ನಮ್ಮ ಹಿರಿಯರು ಮದರಾಸಿಗೆ ಹೋಗುತ್ತಿದ್ದರು. ತಮಿಳು ಬಾರದೆ, ಇಂಗ್ಲಿಷು ತಿಳಿಯದೆ ಪರದಾಡುತ್ತಿದ್ದರು. ಕನ್ನಡ ನಾಡು ಒಂದಾದರೆ ಈ ಪರದಾಟ ತಪ್ಪುವುದೆಂಬ ಆಸೆ ಅವರಿಗಿತ್ತು. ನಾಡೇನೋ ಒಂದಾಯಿತು. 1963ರಲ್ಲಿ ರಾಜಭಾಷಾ ಕಾಯಿದೆಯೂ ಆಯಿತು. ಧಾರವಾಡ, ಕಲಬುರಗಿಗಳಿಗೆ 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠಗಳು ಬಂದವು, ಅದು ನ್ಯಾಯವೇ. ಮಂಗಳೂರಿಗೂ ಒಂದು ಪೀಠ ಬೇಕೆಂದು ಕರಾವಳಿಯ ವಕೀಲರು ಕೇಳುತ್ತಲೇ ಬಂದಿದ್ದಾರೆ. ತನ್ನ ತೋಟದ ಮೇಲಿನ ತೀರ್ಪನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ಒಕ್ಕಲಿಗನಿಗೆ ಏಕೀಕರಣದ ಫಲವು ಪೂರ್ತಿಯಾಗಿ ಮುಟ್ಟಿತೆಂದು ನಾನು ಹೇಳಲಾರೆ.

ಹೊಸ ಕಡಬ ತಾಲೂಕು ಜನರಿಗೆ ಹತ್ತಿರವಾಗಲೆಂದು ಪುತ್ತೂರು, ಸುಳ್ಯಗಳಿಂದ ಗ್ರಾಮಗಳನ್ನು ತೆಗೆದು ಮಾಡಿದ್ದು. ಒಳ್ಳೆಯದಾಯಿತು. ಆದರೆ ಹಳೆಯ ಕಡತವನ್ನು ಹುಡುಕಿಕೊಂಡು ಹೋದವನಿಗೆ "ಅದು ಆ ತಾಲೂಕಿನಲ್ಲಿರಬೇಕು, ಅಲ್ಲಿ ಕೇಳಿ" ಎಂಬ ಮಾತು ಸಿಕ್ಕರೆ ಏನು ಮಾಡಬೇಕು? ಅಲೆಯಬೇಕಾಗಿಲ್ಲ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಒಂದೇ ಕಡೆ ಅರ್ಜಿ ಕೊಡಿರಿ. ಮಾಹಿತಿಯು ಬೇರೆ ಪ್ರಾಧಿಕಾರದಲ್ಲಿದ್ದರೆ ಅರ್ಜಿಯನ್ನು ಐದು ದಿನಗಳೊಳಗೆ ಅಲ್ಲಿಗೆ ಕಳುಹಿಸುವ ಹೊಣೆ ಕಚೇರಿಯದು, ನಿಮ್ಮದಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೊದಲ ಮೇಲ್ಮನವಿ ಅದೇ ಇಲಾಖೆಯ ಹಿರಿಯ ಅಧಿಕಾರಿಗೆ, ಎರಡನೆಯದು ಮಾಹಿತಿ ಆಯೋಗಕ್ಕೆ. ತಡಮಾಡಿದವರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯ ವರೆಗೆ ದಂಡವುಂಟು. 2011ರ ಸೇವೆಗಳ ಖಾತರಿ ಕಾಯಿದೆ, ಎಂದರೆ ಸಕಾಲದ ಕಾಯಿದೆಯಲ್ಲಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಮೊತ್ತ ನಗೆಪಾಟಲಿನದು. ಆದರೆ ಅರ್ಜಿ ಕೊಟ್ಟಾಗ ಸಂಖ್ಯೆಯಿರುವ ಸ್ವೀಕೃತಿ ಪತ್ರವನ್ನು ಕೊಡಲೇಬೇಕೆಂಬುದು ನಗೆಯ ಮಾತಲ್ಲ. ಆ ಪತ್ರವನ್ನು ತೆಗೆದುಕೊಳ್ಳದೆ ಮಧ್ಯವರ್ತಿಯ ಕೈಗೆ ಅರ್ಜಿ ಕೊಟ್ಟು ಬರುವವರನ್ನು ನಾನು ದಿನವೂ ಕಾಣುತ್ತೇನೆ.

ಅಧಿಕಾರಿಗಳ ಪಕ್ಷದಿಂದಲೂ ಒಂದು ಮಾತು ಕೇಳಿಬರುತ್ತದೆ. ಅರ್ಜಿಗಳು ರಾಶಿ, ಕೈಗಳು ಕಡಿಮೆ, ಮೇಲಿನಿಂದ ದಿನಕ್ಕೊಂದು ಸುತ್ತೋಲೆ. ಎಲ್ಲರಿಗೂ ಕಾರಣ ಬರೆಯುತ್ತ ಕುಳಿತರೆ ಕೆಲಸ ಸಾಗುವುದೆಂತು? ಕೆಲವು ಸಿಬ್ಬಂದಿಯ ಕಷ್ಟವನ್ನು ನಾನು ಬಲ್ಲೆ. ರಾತ್ರಿ ಎಂಟಕ್ಕೂ ದೀಪ ಉರಿಯುವ ಕಚೇರಿಗಳುಂಟು. ಆದರೆ ಒಬ್ಬನೇ ರೈತನಿಗೆ ಇಪ್ಪತ್ತು ಸಲ "ನಾಳೆ ಬನ್ನಿ" ಎನ್ನುವ ಕಾಲವು, ಒಮ್ಮೆ ನಾಲ್ಕು ಸಾಲು ಬರೆಯುವ ಕಾಲಕ್ಕಿಂತ ಕಡಿಮೆಯೇ? ಬರೆದು ಕೊಡುವ ಕಚೇರಿಯ ಜಗಲಿ ಖಾಲಿಯಾಗುವುದು. ಬರೆಯುವಾಗ ಇನ್ನೊಂದು ಲಾಭವೂ ಉಂಟು: ಕಾರಣವನ್ನು ಹುಡುಕಿದ ಅಧಿಕಾರಿಗೆ ಎಷ್ಟೋ ಸಲ ಕಾರಣವೇ ಸಿಗದೆ, ಅರ್ಜಿಯನ್ನು ಒಪ್ಪಲೇಬೇಕಾಗುವುದು.

ಊರಿನ ಉಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆ. ಹಳ್ಳಿಯಲ್ಲಿ ಅರ್ಜಿ ಬರೆಸಿಕೊಳ್ಳಲು ಜನರು ಮೊದಲು ಬರುವುದು ನಿಮ್ಮಲ್ಲಿಗೆ. "ಬಡವನಾದ ನನ್ನ ಮೇಲೆ ದಯವಿಟ್ಟು ಕೃಪೆ ತೋರಬೇಕಾಗಿ ಪಾದಗಳಿಗೆ ಬಿದ್ದು" ಎಂಬ ಒಕ್ಕಣೆಯನ್ನು ಬಿಟ್ಟುಬಿಡಿರಿ. ಯಾವ ಜಾಗ, ಯಾವ ಸರ್ವೆ ನಂಬರು, ಯಾವ ಕಾಯಿದೆಯಡಿ ಏನು ಬೇಕು, ಯಾವ ಕಾಗದಗಳನ್ನು ಲಗತ್ತಿಸಿದೆ ಎಂಬುದನ್ನು ಬರೆಯಿರಿ. ಕಡೆಯಲ್ಲಿ ಒಂದು ವಾಕ್ಯ ಸೇರಿಸಿರಿ: "ಅರ್ಜಿಯನ್ನು ಒಪ್ಪಲಾಗದಿದ್ದಲ್ಲಿ ಕಾರಣಸಹಿತವಾದ ಹಿಂಬರಹವನ್ನು ನೀಡತಕ್ಕದ್ದು." ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಕಚೇರಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಲು ಹೇಳಿರಿ. ಮೊಹರು ಹಾಕಲೊಲ್ಲೆವೆಂದರೆ ಅಂಚೆ ಕಚೇರಿ ಹತ್ತಿರದಲ್ಲಿಯೇ ಇರುತ್ತದೆ. ನೋಂದಾಯಿತವಾಗಿ ಕಳುಹಿಸಿದ ಅಂಚೆಯನ್ನು ಯಾರೂ "ಬಂದೇ ಇಲ್ಲ" ಎನ್ನಲಾರರು. ಹೆಂಗಸರು, ಪರಿಶಿಷ್ಟ ಜಾತಿ ಪಂಗಡಗಳವರು ಮೇಲ್ಮನವಿಗೆ ವಕೀಲರ ಶುಲ್ಕವನ್ನು ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯಡಿ ತಾಲೂಕು ಸಮಿತಿಯಲ್ಲಿ ಉಚಿತ ವಕೀಲರನ್ನು ಕೇಳುವ ಹಕ್ಕು ಅವರಿಗುಂಟು, ಆದಾಯದ ಲೆಕ್ಕವನ್ನು ನೋಡದೆ.

ಮೂರು ತಾಲೂಕುಗಳ ಕಚೇರಿಗಳಿಂದ ನಾವು ಕೇಳತಕ್ಕದ್ದು ಹೊಸ ಕಾಯಿದೆಯಲ್ಲ, ಹೊಸ ಹಣವೂ ಅಲ್ಲ. ತಿರಸ್ಕರಿಸಿದ ಪ್ರತಿಯೊಂದು ಅರ್ಜಿಗೂ ತಿಳಿಯುವ ಕನ್ನಡದಲ್ಲಿ ಕಾರಣ ಬರೆದ ಹಿಂಬರಹ. ಅದರ ಕೆಳಗೆ, ಇದರ ಮೇಲೆ ಯಾರಲ್ಲಿ, ಎಷ್ಟು ದಿನಗಳೊಳಗೆ ಮೇಲ್ಮನವಿ ಹಾಕಬಹುದೆಂಬ ಒಂದು ಸಾಲು. "ಪರಿಶೀಲನೆಯಲ್ಲಿದೆ" ಎಂದು ಬರೆದು ಕೊಟ್ಟರೆ, ಪರಿಶೀಲನೆ ಮುಗಿಯುವ ದಿನಾಂಕವನ್ನೂ ಬರೆದು ಸಹಿಯ ಕೆಳಗೆ ಹೆಸರನ್ನು ಬಿಡಿಸಿ ಬರೆಯತಕ್ಕದ್ದು. ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ನಿರ್ಣಯವಾಗಿ ಮಂಡಿಸಿರಿ. ನಿರ್ಣಯವನ್ನು ಪುಸ್ತಕದಲ್ಲಿ ದಾಖಲಿಸಿ ಅದರ ಪ್ರತಿಯನ್ನು ಸಹಾಯಕ ಕಮಿಷನರಿಗೆ ಕಳುಹಿಸಿ, ಮುಟ್ಟಿದ ಬಗ್ಗೆ ಸಹಿ ಪಡೆಯಿರಿ.